ತಲೆಯಾಡಿಸುವವರು

ನಾನು ಮಹಿಳಾ ಕಾಲೇಜಿನಲ್ಲಿ ಭೂಗೋಳ ಕಲಿಸಿದವಳು. ನಮ್ಮ ಊರು ಯಾವ ನಕ್ಷೆಯಲ್ಲೂ ಇಲ್ಲವಲ್ಲ ಮೇಡಂ ಎಂದು ಪ್ರತಿ ವರ್ಷವೂ ಯಾರಾದರೊಬ್ಬ ಹುಡುಗಿ ಎದ್ದು ನಿಂತು ಕೇಳುತ್ತಿದ್ದಳು. ಇಲ್ಲದಿದ್ದರೆ ಏನಮ್ಮ, ನೀನು ದಿನಾ ತಡವಾಗಿ ಬರುವುದಕ್ಕೆ ಅದೊಂದು ನೆಪವಾಗದಿದ್ದರೆ ಸಾಕು ಎನ್ನುತ್ತಿದ್ದೆ. ಇಡೀ ತರಗತಿ ನಗುತ್ತಿತ್ತು. ಆಗ ನನ್ನ ಮಾತಿಗೆ ಜನ ನಗುತ್ತಿದ್ದರು.

ಊರಿಗೆ ಕಟ್ಟೆ ಬಂದದ್ದು ನಾನು ನಿವೃತ್ತಳಾದ ಮೇಲೆ. ಕಟ್ಟೆ ಎಂದರೆ ಫೋನಿನೊಳಗಿನ ಕಟ್ಟೆ. ಎಲ್ಲರೂ ಅದರ ಮೇಲೆ ಕೂತು ಮಾತಾಡುವುದು, ಫೋಟೋ ಹಾಕುವುದು, ಶುಭೋದಯ ಹೇಳುವುದು. ಬೇರೆ ಊರುಗಳಲ್ಲೂ ಇಂಥವು ಬೇಕಾದಷ್ಟಿವೆಯಂತೆ. ಅಲ್ಲಿ ಫೋನಿನಲ್ಲಿ ಮಾಡಿದ್ದು ಫೋನಿನಲ್ಲೇ ಉಳಿಯುತ್ತದಂತೆ. ನಮ್ಮಲ್ಲಿ ಹಾಗಲ್ಲ. ಕಟ್ಟೆಯಲ್ಲಿ ಯಾರನ್ನಾದರೂ ಮೌನಕ್ಕೆ ಹಾಕಿದರೆ ಬೀದಿಯಲ್ಲೂ ಅವರ ಮಾತು ನಮಗೆ ಕೇಳಿಸುವುದಿಲ್ಲ. ಎದುರಿಗೇ ನಿಂತು ಕೂಗಿದರೂ ಬಾಯಿ ಮಾತ್ರ ಆಡುತ್ತದೆ. ಅವರು ಬರೆದಿಟ್ಟ ಚೀಟಿ ನಮ್ಮ ಕೈಯಲ್ಲಿ ಬಿಳಿ ಕಾಗದವಾಗಿರುತ್ತದೆ. ಅವರ ಬಳೆಯ ಸದ್ದು, ಚಪ್ಪಲಿಯ ಸದ್ದು, ಕೆಮ್ಮು ಎಲ್ಲ ಕೇಳಿಸುತ್ತದೆ, ಮಾತು ಮಾತ್ರ ಇಲ್ಲ. ತಮ್ಮನ್ನು ಮೌನಕ್ಕೆ ಹಾಕಿದ್ದಾರೆಂದು ಅವರಿಗೆ ಯಾರೂ ತಿಳಿಸುವುದಿಲ್ಲ. ಕಟ್ಟೆಯ ಶಿಷ್ಟಾಚಾರವೇ ಅದು.

ಹೆಚ್ಚಿನವರು ಕಟ್ಟೆಯ ಹೊರಜಗಲಿಯಲ್ಲೇ ಕೂತು ಎದ್ದು ಹೋಗುವವರು. ಒಳಗೆ ಏನೇನಿದೆ ಎಂದು ನೋಡುವ ತಾಳ್ಮೆ ಅವರಿಗಿರಲಿಲ್ಲ. ನನಗೆ ಹೊತ್ತಿತ್ತು, ಕನ್ನಡಕವಿತ್ತು. ಹಲ್ಲಿನ ಚಕ್ರದಂಥ ಸೆಟ್ಟಿಂಗ್ಸ್ ಗುರುತನ್ನು ಒತ್ತಿ ಒಳಗೆ ಹೋದರೆ ಒಂದರೊಳಗೊಂದು ಕೋಣೆಗಳು. ಒಂದು ಕೋಣೆಯಲ್ಲಿ ‘ಅಟ್ಟಕ್ಕೆ ಹಾಕು’ ಎಂದಿತ್ತು. ಹಳೆಯ ಫೋಟೋ ಒಂದನ್ನು ಅಟ್ಟಕ್ಕೆ ಹಾಕಿದರೆ ಊರಿಗೆ ಆ ಸಂಗತಿಯೇ ಮರೆತುಹೋಗುತ್ತಿತ್ತು. ಮಹಿಳಾ ಮಂಡಳಿಯ ಅಧ್ಯಕ್ಷೆ ಸರ್ವಮಂಗಳಮ್ಮ ತಮ್ಮ ಮುರಿದುಹೋದ ಮೊದಲ ನಿಶ್ಚಿತಾರ್ಥವನ್ನು ಹಾಗೆ ಅಟ್ಟಕ್ಕೆ ಹಾಕಿದರೆಂದು ಆಮೇಲೆ ಅವರೇ ನನಗೆ ಹೇಳಿದ್ದು. ಆ ವರ ಮಹಾಶಯ ಈಗ ಔಷಧಿ ಅಂಗಡಿಯಲ್ಲಿ ಸಿಕ್ಕಿದರೆ “ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆಯಲ್ಲ” ಎನ್ನುತ್ತಾರಂತೆ. ಇನ್ನೊಂದರ ಹೆಸರು ‘ಹೊತ್ತಿಗೆ ಹಚ್ಚು’. ಈಗ ಹೇಳಿಟ್ಟ ಮಾತು ಬೇಕೆಂದ ಹೊತ್ತಿಗೆ ತಾನಾಗಿ ಕೇಳಿಸುತ್ತದೆ. ಪಕ್ಕದ ಬೀದಿಯ ನಾಗರತ್ನಮ್ಮ ಆಸ್ಪತ್ರೆ ಸೇರುವ ಮುಂಚೆ ತಮ್ಮ ಯಜಮಾನರಿಗೆ “ಮಾತ್ರೆ ತಗೊಂಡ್ರಾ?” ಎಂದು ಮಧ್ಯಾಹ್ನಕ್ಕೆ ಹಚ್ಚಿಟ್ಟು ಹೋದರು. ಅವರು ವಾಪಸು ಬರಲಿಲ್ಲ. ಈಗಲೂ ಮಧ್ಯಾಹ್ನವಾದರೆ ಆ ಮನೆಯ ಅಡುಗೆಮನೆಯಿಂದ ಆ ಮಾತು ಕೇಳಿಸುತ್ತದೆ. “ಆಯ್ತು ಕಣೇ” ಎಂದು ಆ ಮುದುಕರು ವರಾಂಡದಿಂದ ಹೇಳುತ್ತಾರೆ. ಎಲ್ಲರ ಎದುರಿಗೂ ಹೇಳುತ್ತಾರೆ. ಯಾರೂ ನಗುವುದಿಲ್ಲ.

ಇಂಥದ್ದನ್ನೆಲ್ಲ ಕಂಡುಕೊಂಡ ಮೇಲೆ ನನ್ನಲ್ಲೇ ಇಟ್ಟುಕೊಳ್ಳುವುದು ಸರಿ ಅನ್ನಿಸಲಿಲ್ಲ. ಮಂಡಳಿಯ ಹೆಂಗಸರಿಗೆ ಗುರುವಾರ ಮಧ್ಯಾಹ್ನ ವಾಚನಾಲಯದ ಹಿಂದಿನ ಕೋಣೆಯಲ್ಲಿ ಒಂದು ತರಗತಿ ಶುರುಮಾಡಿದೆ. ಮುಂದಿನ ಬೆಂಚಿನಲ್ಲಿ ನನ್ನ ತಂಗಿ ಸರಸಿಜಾ ಕೂರುತ್ತಿದ್ದಳು. ನಾನು ಮದುವೆಯಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ಅವಳು ನನ್ನ ಮನೆಗೇ ಬಂದಳು. ನಾವಿಬ್ಬರೂ ಒಂದೇ ಅಡುಗೆಮನೆಯಲ್ಲಿ ಮುದುಕಿಯರಾದೆವು. ಅಡುಗೆ ಎಂದರೆ ಅವಳೇ. ಮಂಡಳಿಯಲ್ಲಿ ಏನೇ ನಡೆದರೂ ಪಾಯಸ ಸರಸಿಜಮ್ಮನ ಮನೆಯಿಂದ ಎಂದು ಯಾರೂ ಕೇಳದೆಯೇ ಗೊತ್ತಾಗಿಬಿಡುತ್ತಿತ್ತು.

ವಾಚನಾಲಯದ ಮೆಟ್ಟಿಲ ಪಕ್ಕದಲ್ಲಿ, ಮಂಡಳಿಯವರು ಹಾಕಿಸಿಕೊಟ್ಟ ತಗಡಿನ ಸೂರಿನ ಕೆಳಗೆ, ಪುಟ್ಟತಾಯಮ್ಮನ ಟೀ ಅಂಗಡಿ. ಅವಳ ಮನೆಯಲ್ಲಿ ಅವಳೂ ಒಬ್ಬ ಮೊಮ್ಮಗಳೂ ಮಾತ್ರ. ಮೊಮ್ಮಗಳು ನರ್ಸಿಂಗ್ ಓದುತ್ತಿದ್ದಳು. ಅಂಗಡಿಯೊಂದೇ ಇಬ್ಬರಿಗೂ ಆಧಾರ. ಸ್ಟೀಲ್ ಲೋಟ ಸುಟ್ಟರೆ ನನ್ನ ಬೆರಳಿನ ಗಂಟುಗಳು ನೋಯುತ್ತವೆಂದು ಅದು ಹೇಗೋ ಗಮನಿಸಿ, ನನ್ನ ಲೋಟಕ್ಕೆ ಮಾತ್ರ ಒಗೆದ ಬಟ್ಟೆಯ ಚೂರನ್ನು ಸುತ್ತಿ ಕೊಡುತ್ತಿದ್ದಳು. “ಕುಡೀರಿ ಮೇಡಮ್ಮಾರೇ, ಆರೋಯ್ತದೆ” ಎನ್ನುತ್ತಿದ್ದಳು. ನೀನೂ ತರಗತಿಗೆ ಬಾರಮ್ಮ ಎಂದು ಎಷ್ಟೋ ಸಲ ಕರೆದೆ. “ನಾ ಒಳಕ್ ಬಂದ್ ಕುಂತ್ರೆ ನಿಮ್ಗೆ ಟೀ ಕಾಸೋರ್ಯಾರು?” ಎಂದು ನಗುತ್ತಿದ್ದಳು. ಅವಳು ಬರಲಿಲ್ಲ.

ಮೌನದ ಪಾಠ ಮಾಡಿದ ದಿನ ಕೋಣೆ ತುಂಬಿತ್ತು. ಮೌನ ಎಂಬುದೊಂದಿದೆ ಎಂದು ಎಲ್ಲರೂ ಕೇಳಿದ್ದರು, ಅದು ಎಲ್ಲಿದೆ ಎಂದು ಗೊತ್ತಿದ್ದವರು ಕಡಿಮೆ. ಅತ್ತೆ ಇದ್ದವರು, ಸೊಸೆ ಇದ್ದವರು, ಮೇಲಿನ ಮನೆಯ ಬಾಡಿಗೆದಾರರಿದ್ದವರು ಎಲ್ಲ ಬಂದಿದ್ದರು. “ಜಗಳಕ್ಕಿಂತ ಇದು ವಾಸಿ. ತಲೆ ಕಾದಾಗ ಸ್ವಲ್ಪ ಹೊತ್ತು ಹಾಕಿ, ತಣ್ಣಗಾದ ಮೇಲೆ ತೆಗೆಯಿರಿ” ಎಂದು ಹೇಳಿಕೊಟ್ಟೆ. ಯಾರ ಮೇಲೆ ಪ್ರಯೋಗ ಮಾಡುವುದು ಎಂದು ಸರ್ವಮಂಗಳಮ್ಮ ಕೇಳಿದರು. ಯಾರಿಗೂ ಬೇಸರವಾಗಬಾರದು ನೋಡಿ. “ನನ್ನ ಮೇಲೇ ಮಾಡಿ, ನಾನು ಏನೂ ಅಂದುಕೊಳ್ಳುವುದಿಲ್ಲ” ಎಂದೆ. ಎಲ್ಲರೂ ನಗುತ್ತಾ ಫೋನ್ ತೆಗೆದರು. ನನ್ನ ಹೆಸರನ್ನು ಹುಡುಕಿದರು. ಒತ್ತಿ ಹಿಡಿದರು. ಕೆಳಗಿನಿಂದ ಬಂದ ಪಟ್ಟಿಯಲ್ಲಿ ಮೌನವನ್ನು ಮುಟ್ಟಿದರು. ಹಿಂದಿನ ಬೆಂಚಿನ ತನಕ ಹೋಗಿ ಒಬ್ಬೊಬ್ಬರ ಫೋನನ್ನೂ ದೂರದಿಂದಲೇ ನೋಡಿ ಭೇಷ್ ಎಂದೆ. ಆಮೇಲೆ ಕರಿಹಲಗೆಯ ಹತ್ತಿರ ವಾಪಸು ಬಂದು, ಅದನ್ನು ತೆಗೆಯುವುದು ಹೇಗೆ ಎಂದು ನಿಧಾನವಾಗಿ, ಎರಡು ಸಲ, ಹೇಳಿಕೊಟ್ಟೆ. ಹಲಗೆಯ ಮೇಲೆ ಬರೆದೂ ಕೊಟ್ಟೆ. ಎಲ್ಲರೂ ತಲೆಯಾಡಿಸಿದರು.

ಆ ದಿನದಿಂದ ಊರು ನನ್ನ ವಿಷಯದಲ್ಲಿ ಬಹಳ ಮೃದುವಾಯಿತು. ಅದನ್ನು ನಾನು ಗಮನಿಸಿದೆ. ಇಂಥದ್ದನ್ನು ಗಮನಿಸುವುದು ನನ್ನ ಸ್ವಭಾವ. ಮಂಡಳಿಯ ಸಭೆಗಳಲ್ಲಿ ಮೊದಲೆಲ್ಲ ನನ್ನ ಮಾತಿಗೆ ಅಡ್ಡ ಬರುತ್ತಿದ್ದವರು ಈಗ ಕೈ ಕಟ್ಟಿಕೊಂಡು ಕೇಳುತ್ತಿದ್ದರು. ನಾನು ಮಾತು ಮುಗಿಸಿ ಕೂತರೆ ಒಂದು ಚಪ್ಪಾಳೆಯೂ ಇರುತ್ತಿತ್ತು. ಸರ್ವಮಂಗಳಮ್ಮ ಹೂವಿನ ಅಂಗಡಿಯ ಹತ್ತಿರ ನನ್ನ ತೋಳು ಹಿಡಿದು ಮೋರಿ ದಾಟಿಸಿದರು. ನಾನು ದಾರಿಯುದ್ದಕ್ಕೂ ಅವರಿಗೆ ಮಳೆ ಮಾರುತದ ಬಗ್ಗೆ ಏನೋ ಹೇಳುತ್ತಿದ್ದೆ. ಅವರು ಒಂದೊಂದು ವಾಕ್ಯಕ್ಕೂ ತಲೆಯಾಡಿಸಿದರು, ಒಮ್ಮೆಯಂತೂ ನಾನು ಉಸಿರು ತೆಗೆದುಕೊಳ್ಳಲು ನಿಂತಾಗಲೂ ಆಡಿಸಿದರು. ವಯಸ್ಸಾದವರ ಮೇಲೆ ಜನಕ್ಕೆ ಇನ್ನೂ ಎಷ್ಟು ಅಕ್ಕರೆಯಿದೆ ಎಂದು ಮನೆಗೆ ಬಂದು ಸರಸಿಗೆ ಹೇಳಿದೆ. ಸರಸಿಯೂ ತಲೆಯಾಡಿಸಿದಳು.

ಸರಸಿಯ ಕಿವಿ ಮಂದವಾಗುತ್ತಿದೆ ಎಂದು ನನಗೊಂದು ಅನುಮಾನ ಬಂದಿತ್ತು. ಪಡಸಾಲೆಯಿಂದ ಕೂಗಿದರೆ ಉತ್ತರವಿರುತ್ತಿರಲಿಲ್ಲ. ಹತ್ತಿರ ಹೋಗಿ, ಮುಖಕ್ಕೆ ಮುಖ ಕೊಟ್ಟು, ಬಾಯಿ ಬಿಡಿಸಿ ಹೇಳಿದರೆ ಸರಿಯಾಗಿಯೇ ಉತ್ತರಿಸುತ್ತಿದ್ದಳು. ಪಾಪ, ಒಪ್ಪಿಕೊಳ್ಳಲು ನಾಚಿಕೆಯಿರಬೇಕು ಎಂದುಕೊಂಡೆ. ಅವಳಿಗೆ ನೋವಾಗದಿರಲೆಂದು ಕಿವಿಯ ಡಾಕ್ಟರ ಮಾತೆತ್ತಲಿಲ್ಲ. ಹತ್ತಿರ ಹೋಗಿ ಮಾತಾಡುವುದನ್ನೇ ಅಭ್ಯಾಸ ಮಾಡಿಕೊಂಡೆ.

ಮಂಡಳಿಯ ವಾರ್ಷಿಕೋತ್ಸವ ಬಂದದ್ದು ಸುಡು ಬೇಸಿಗೆಯಲ್ಲಿ. ಹಿಂದಿನ ಸಂಜೆಯೇ ಸರಸಿ ದೊಡ್ಡ ಪಾತ್ರೆ ತುಂಬ ಶ್ಯಾವಿಗೆ ಪಾಯಸ ಮಾಡಿಟ್ಟಳು. ಬೆಳಿಗ್ಗೆ ನಾನು ಅಡುಗೆಮನೆಗೆ ಹೋದಾಗ ಹುಳಿ ವಾಸನೆ ಮೂಗಿಗೆ ಬಡಿಯಿತು. ಮುಚ್ಚಳ ತೆಗೆದು ನೋಡಿದೆ. ಮೇಲೆ ಸಣ್ಣ ಗುಳ್ಳೆಗಳೆದ್ದಿದ್ದವು. ಅವಳ ಮುಂದೆ ನಿಂತು “ಸರಸೀ, ಇದು ಹಳಸಿದೆ. ಒಯ್ಯಬೇಡ. ಅಂಗಡಿಯಿಂದ ಏನಾದರೂ ತರಿಸೋಣ” ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. “ಆಯ್ತಕ್ಕ” ಎಂದಳು. ನಾನು ಸ್ನಾನಕ್ಕೆ ಹೋದೆ. ಹೊರಗೆ ಬರುವಷ್ಟರಲ್ಲಿ ಮನೆಯೆಲ್ಲ ಏಲಕ್ಕಿಯ ಘಮ. ಹೊಸದಾಗಿ ಏನೋ ಸಿಹಿ ಮಾಡುತ್ತಿದ್ದಾಳೆ, ಎಷ್ಟು ಚುರುಕು ಈ ವಯಸ್ಸಿನಲ್ಲೂ ಎಂದುಕೊಂಡೆ.

ಪಂಕ್ತಿಯಲ್ಲಿ ಕೂತಾಗಲೇ ಗೊತ್ತಾದದ್ದು. ಅದೇ ಪಾತ್ರೆ, ಅದೇ ಪಾಯಸ. ನಾನು ಎದ್ದು ಬಡಿಸುವವರ ಹತ್ತಿರ ಹೋಗಿ, “ಇದನ್ನು ಬಡಿಸಬೇಡಿ, ಹಾಲು ಕೆಟ್ಟಿದೆ” ಎಂದೆ. ಒಬ್ಬೊಬ್ಬರಿಗೂ ಹೇಳಿದೆ. ಒಬ್ಬೊಬ್ಬರೂ ನಗುಮುಖದಿಂದ ತಲೆಯಾಡಿಸಿದರು. “ಮೇಡಂಗೆ ಇನ್ನೊಂದು ಸೌಟು ಹಾಕ್ರೇ, ಆಸೆಪಟ್ಟು ಎದ್ದು ಬಂದಿದಾರೆ” ಎಂದು ಸರ್ವಮಂಗಳಮ್ಮ ಕೂಗಿ ಹೇಳಿದರು. ನನ್ನ ಎಲೆಯ ಮೇಲೆ ಎರಡು ಸೌಟು ಬಿತ್ತು.

ಸಂಜೆಯ ಹೊತ್ತಿಗೆ ಊಟ ಮಾಡಿದ ಹೆಂಗಸರೂ ಮಕ್ಕಳೂ ವಾಂತಿಯಿಂದ ಮಲಗಿದರು. ಖಜಾಂಚಿಯ ಮೊಮ್ಮಗುವಿಗೆ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಯಾರ ಪ್ರಾಣಕ್ಕೂ ಏನೂ ಆಗಲಿಲ್ಲ. ಎಲ್ಲರೂ ಎದ್ದು ಓಡಾಡಿದ ಮೇಲೆ, ಏನು ತಿಂದದ್ದರಿಂದ ಹೀಗಾಯಿತು ಎಂಬ ಮಾತು ಬಂತು. ಎಲೆಯ ಮೇಲಿದ್ದದ್ದೆಲ್ಲ ಮಂಡಳಿಯವರ ಮನೆಗಳಲ್ಲಿ ಮಾಡಿದ್ದು. ಹೊರಗಿನಿಂದ ಬಂದದ್ದು ಒಂದೇ, ಪುಟ್ಟತಾಯಮ್ಮ ರುಬ್ಬಿಕೊಟ್ಟ ಕಾಯಿಚಟ್ನಿ. ಅಷ್ಟು ಸಾಕಾಯಿತು. ಬೀದಿ ಬದಿಯ ನೀರು, ಬೀದಿ ಬದಿಯ ಕೈ ಎಂದು ಕಟ್ಟೆಯ ತುಂಬ ಬರೆದರು. ಆಮೇಲೆ ಒಬ್ಬೊಬ್ಬರಾಗಿ ಅವಳನ್ನು ಮೌನಕ್ಕೆ ಹಾಕಿದರು. ಬಹಳ ಸುಲಭವಾಗಿ ಹಾಕಿದರು, ಕಲಿಸಿದ್ದೆನಲ್ಲ. ಅವಳು ಮೆಟ್ಟಿಲ ಬಳಿ ನಿಂತು “ಬಿಸಿ ಟೀ ಕಣ್ರವ್ವಾ” ಎಂದು ಕೂಗಿದರೂ ಹೆಂಗಸರು ತಮ್ಮ ಪಾಡಿಗೆ ಮಾತಾಡಿಕೊಂಡು ದಾಟಿ ಹೋಗುತ್ತಿದ್ದರು. ಅಂಗಡಿಯನ್ನು ಎತ್ತಿಸುವ ವಿಚಾರಕ್ಕೆ ಮಂಡಳಿ ಸಭೆ ಕರೆಯಿತು.

ಸಭೆಯ ಹಿಂದಿನ ಮಧ್ಯಾಹ್ನ ಪುಟ್ಟತಾಯಮ್ಮ ನನ್ನ ಕೈಗೆ ಲೋಟ ಕೊಟ್ಟು, ಅದಕ್ಕೆ ಸುತ್ತಿದ ಬಟ್ಟೆಯನ್ನು ಬಿಡದೆ ಹಿಡಿದುಕೊಂಡಳು.

“ಮೇಡಮ್ಮಾರೇ, ನನ್ ಮಾತು ಅವ್ರಿಗೆ ಕೇಳ್ಸಾಕಿಲ್ಲ. ನೀವಂದ್ರೆ ಅವ್ರಿಗೆ ಗೌರವ. ನಾ ಬಾಗ್ಲಲ್ಲಿ ನಿಂತ್ಕಂಡು ನೋಡಿವ್ನಿ, ನೀವ್ ಮಾತಾಡಿದ್ರೆ ಎಲ್ರೂ ಹೆಂಗ್ ತಲೆ ಆಡುಸ್ತಾರೆ! ನೀವೊಂದ್ ಮಾತ್ ಹೇಳಿ. ಆ ಸೂರು ಹೋದ್ರೆ ಮಗೀನ್ ಓದು ನಿಂತೋಯ್ತದೆ.”

“ಹೇಳ್ತೀನಿ” ಎಂದೆ. “ನಿನ್ನ ಚಟ್ನಿ ಅಲ್ಲ ಅಂತ ನನಗೆ ಗೊತ್ತು. ಯಾವುದು ಅಂತಲೂ ಗೊತ್ತು.”

ಅವಳು ಯಾವುದು ಎಂದು ಕೇಳಲಿಲ್ಲ. ಸರಸಿಯ ಬಗ್ಗೆ ನನ್ನ ಬಾಯಿಂದ ಹೇಳಿಸಬಾರದೆಂದೇ ಕೇಳಲಿಲ್ಲ ಎಂದು ಈಗ ಅನ್ನಿಸುತ್ತದೆ.

ಮನೆಗೆ ಬಂದು ಸರಸಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತೆ. ನಾಳೆ ನೀನೇ ಎದ್ದು ಹೇಳಿಬಿಡು, ಯಾರೂ ಏನೂ ಅನ್ನುವುದಿಲ್ಲ, ಪಾಯಸ ಎಲ್ಲರ ಮನೆಯಲ್ಲೂ ಕೆಡುತ್ತದೆ, ಹೇಳದಿದ್ದರೆ ಮಾತ್ರ ನಾನು ಹೇಳಬೇಕಾಗುತ್ತದೆ ಎಂದೆ. ಹುರುಳಿಕಾಯಿ ಮುರಿಯುತ್ತಿದ್ದವಳು ನನ್ನನ್ನೇ ನೋಡಿದಳು. ತಲೆಯಾಡಿಸಿದಳು. ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಎರಡು ಸಲ ತಟ್ಟಿದಳು. ನನಗೆ ಕಣ್ಣು ತುಂಬಿ ಬಂತು. ನನ್ನ ತಂಗಿ ಎಂಥವಳು ಎಂದು ಹೆಮ್ಮೆಪಟ್ಟೆ.

ಸಭೆಯಲ್ಲಿ ಸರಸಿ ಏಳಲಿಲ್ಲ. ಸೆರಗಿನ ಅಂಚನ್ನು ಮಡಿಸುತ್ತಾ ಕೂತಿದ್ದಳು. ಕಾದು ನೋಡಿ ನಾನೇ ಎದ್ದೆ. ಪುಟ್ಟತಾಯಮ್ಮ ಬಾಗಿಲಲ್ಲಿ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ನಾನು ಎಲ್ಲವನ್ನೂ ಹೇಳಿದೆ. ಪಾಯಸ ನಮ್ಮ ಮನೆಯದು, ಬೆಳಿಗ್ಗೆಯೇ ಹುಳಿ ಬಂದಿತ್ತು, ನಾನು ಕಣ್ಣಾರೆ ಕಂಡಿದ್ದೇನೆ, ಈ ಹೆಂಗಸಿನ ತಪ್ಪೇನೂ ಇಲ್ಲ, ನನ್ನ ತಂಗಿಯ ಪರವಾಗಿ ಮಂಡಳಿಯ ಕ್ಷಮೆ ಕೇಳುತ್ತೇನೆ ಎಂದು ಕೈ ಮುಗಿದೆ. ಎಲ್ಲರೂ ಮೊದಲಿನಿಂದ ಕಡೆಯ ತನಕ ತಲೆಯಾಡಿಸಿದರು. ಇಬ್ಬರು ಕಣ್ಣೊರೆಸಿಕೊಂಡರು. ನಾನು ಕೂತೆ. ಚಪ್ಪಾಳೆಯಾಯಿತು.

ಸರ್ವಮಂಗಳಮ್ಮ ಎದ್ದು ನಿಂತರು. “ನೋಡಿ, ಮೇಡಂ ಅಂಥ ಹಿರಿಯರೇ ಕೈ ಮುಗಿದು ಕೇಳ್ಕೊಂಡಿದಾರೆ. ಮಕ್ಕಳ ಆರೋಗ್ಯದ ಪ್ರಶ್ನೆ. ಇನ್ನು ಬೇರೆ ಮಾತು ಬೇಡ. ಎಲ್ಲರ ಒಪ್ಪಿಗೆ ಇದೆ ಅಂತ ಅಂದ್ಕೊಳ್ತೀನಿ. ಸೂರು ತೆಗೆಸಿಬಿಡೋಣ.”

ನಾನು ಎದ್ದು “ಅಲ್ಲ, ಅಲ್ಲ” ಎಂದೆ. ಬಹುಶಃ ಕೂಗಿದೆ. ಪಕ್ಕದಲ್ಲಿದ್ದವರು ನನ್ನ ಭುಜ ಹಿಡಿದು ಮೆಲ್ಲನೆ ಕೂರಿಸಿ, ಕುಡಿಯಲು ನೀರು ಕೊಟ್ಟರು. ಬಾಗಿಲ ಕಡೆ ನೋಡಿದೆ. ಪುಟ್ಟತಾಯಮ್ಮ ಅಲ್ಲಿರಲಿಲ್ಲ.

ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡೆ. ಕಟ್ಟೆಯ ಒಳಕೋಣೆಗಳಲ್ಲಿ ನಾನು ಯಾರಿಗೂ ಕಲಿಸದ ಒಂದು ಸೌಲಭ್ಯವಿತ್ತು. ‘ಇನ್ನೊಬ್ಬರ ಕಣ್ಣಲ್ಲಿ’ ಎಂದು ಅದರ ಹೆಸರು. ಒಬ್ಬರ ಹೆಸರನ್ನು ಆರಿಸಿಕೊಂಡು ಕನ್ನಡಿಯ ಮುಂದೆ ನಿಂತರೆ ನಾವು ಅವರಿಗೆ ಹೇಗಿದ್ದೇವೋ ಹಾಗೆ ನಮಗೆ ಕಾಣಿಸುತ್ತೇವೆ, ಕೇಳಿಸುತ್ತೇವೆ. ಅದು ಯಾರಿಗೂ ಒಳ್ಳೆಯದಲ್ಲವೆಂದು ಪಾಠದಿಂದ ಬಿಟ್ಟಿದ್ದೆ. ಸರ್ವಮಂಗಳಮ್ಮನ ಹೆಸರನ್ನು ಆರಿಸಿದೆ. ಕನ್ನಡಿಯಲ್ಲಿ ನಾನು ನನಗಿಂತ ಸ್ವಲ್ಪ ಕುಳ್ಳಗೆ, ಬಹಳ ಬೆಳ್ಳಗೆ ಕಂಡೆ. “ಪಾಯಸ ಹಳಸಿತ್ತು” ಎಂದೆ. ಕನ್ನಡಿಯೊಳಗಿನ ಮುದುಕಿ ಮೀನಿನ ಹಾಗೆ ಬಾಯಿ ತೆರೆದು ಮುಚ್ಚಿದಳು. ಏನೂ ಕೇಳಿಸಲಿಲ್ಲ. ನನ್ನ ಗಂಟಲು ನನಗೇ ಕೇಳಿಸಲಿಲ್ಲ. ಕೈಬಳೆ ಮಾತ್ರ ಸದ್ದು ಮಾಡಿತು. ಖಜಾಂಚಿಯ ಹೆಸರು, ಕಾರ್ಯದರ್ಶಿಯ ಹೆಸರು, ಹಿಂದಿನ ಬೆಂಚಿನಲ್ಲಿ ಕೂರುವ ಅತ್ತೆ ಸೊಸೆಯರ ಹೆಸರು, ಒಂದೊಂದನ್ನೂ ಹಾಕಿದೆ. ಎಲ್ಲರ ಕಣ್ಣಲ್ಲೂ ಅದೇ ಮೀನು.

ಆಗ ಆ ಗುರುವಾರ ನೆನಪಾಯಿತು. ನನ್ನ ಮೇಲೇ ಮಾಡಿ ಎಂದದ್ದು ಎಲ್ಲರಿಗೂ ಕೇಳಿಸಿತ್ತು. ತೆಗೆಯುವುದು ಹೇಗೆ ಎಂದದ್ದು ಯಾರಿಗೆ ಕೇಳಿಸಬೇಕಿತ್ತು? ಹಲಗೆಯ ಮೇಲೆ ಬರೆದದ್ದು ಯಾರಿಗೆ ಕಾಣಿಸಬೇಕಿತ್ತು? ನಗು ಬಂತು. ನಿಜವಾಗಿ ನಕ್ಕೆ. ಇಷ್ಟೇ ತಾನೆ ಎಂದುಕೊಂಡೆ. ಪಾಪ ಅವರಿಗೆ ತೆಗೆಯಲು ಬರುವುದಿಲ್ಲ, ಹೇಳಲು ಸಂಕೋಚ, ಅದಕ್ಕೇ ತಲೆಯಾಡಿಸಿಕೊಂಡು ಬಂದಿದ್ದಾರೆ. ಇದು ಸರಿಹೋಗುವ ವಿಷಯ. ಕೊನೆಗೆ ಸರಸಿಯ ಹೆಸರನ್ನೂ ಹಾಕಿ ನೋಡಿದೆ. ಅವಳ ಕಣ್ಣಲ್ಲಿ ನಾನು ಇದ್ದ ಹಾಗೆಯೇ ಇದ್ದೆ, ಮೂಗಿನ ಪಕ್ಕದ ಮಚ್ಚೆಯೂ ಸೇರಿ. ಬಾಯಿ ತೆರೆದೆ. ಮೀನು.

ಮರುದಿನ ಬೆಳಿಗ್ಗೆ ಮೊದಲು ಸರ್ವಮಂಗಳಮ್ಮನ ಮನೆಗೆ ಹೋದೆ. ಮಾತಿನ ಹಂಗಿಲ್ಲದೆ ಕೈಯಲ್ಲೇ ತೋರಿಸಿಬಿಡೋಣವೆಂದು ನನ್ನ ಫೋನನ್ನು ಅವರ ಮುಂದೆ ಹಿಡಿದು, ಹೆಸರು ಒತ್ತಿ ಹಿಡಿಯುವುದು, ಪಟ್ಟಿ ಬರುವುದು, ಮೌನವನ್ನು ಮತ್ತೆ ಮುಟ್ಟಿ ತೆಗೆಯುವುದು, ಎಲ್ಲವನ್ನೂ ಬೆರಳಿನಿಂದ ಮಾಡಿ ತೋರಿಸಿದೆ. ಅವರು ತಾಳ್ಮೆಯಿಂದ ನೋಡಿದರು. ಅಷ್ಟರಲ್ಲಿ ಒಳಗಿನಿಂದ ಅವರ ಅತ್ತೆ ಏನೋ ಕೇಳಿದರು. ಸರ್ವಮಂಗಳಮ್ಮ ತಮ್ಮ ಫೋನ್ ಎತ್ತಿಕೊಂಡು, ಮುಖವನ್ನೂ ತಿರುಗಿಸದೆ, ಹೆಬ್ಬೆರಳಿನಿಂದ ಟಪ್ ಟಪ್ ಎನ್ನಿಸಿದರು. ಅತ್ತೆಯ ಮಾತು ನನಗೆ ಮುಂದುವರಿದೇ ಕೇಳಿಸುತ್ತಿತ್ತು. ಅವರಿಗೆ ನಿಂತಿತ್ತೆಂದು ಮುಖವೇ ಹೇಳುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಪ್ ಟಪ್. “ಏನತ್ತೆ, ಕಾಫಿನಾ? ತರ್ತೀನಿ” ಎಂದರು. ಆಮೇಲೆ ನನ್ನ ಕಡೆ ತಿರುಗಿ, ಕಿವುಡರಿಗೆ ಹೇಳುವ ಹಾಗೆ ಗಟ್ಟಿಯಾಗಿ, “ಗೊತ್ತು ಮೇಡಂ, ಗೊತ್ತು! ನಮಗೆಲ್ಲ ಚೆನ್ನಾಗಿ ಬರುತ್ತೆ. ನೀವೇ ಕಲಿಸಿದ್ದಲ್ವಾ? ನೀವು ಆಯಾಸ ಮಾಡ್ಕೋಬೇಡಿ” ಎಂದರು. ಹೊರಡುವಾಗ ಎರಡು ಬಾಳೆಹಣ್ಣು ಕೊಟ್ಟರು. ಬಿಸಿಲೆಂದು ತಮ್ಮ ಕೊಡೆಯನ್ನೂ ಕೊಟ್ಟರು.

ಬೇರೆಯವರ ಮನೆಗಳಿಗೆ ಹೋಗಲಿಲ್ಲ. ವಾಚನಾಲಯದ ಗುಮಾಸ್ತರು ತರಗತಿಗೆ ಬಂದವರಲ್ಲ, ಅವರಿಗೆ ನನ್ನ ಮಾತು ಕೇಳಿಸುತ್ತಿತ್ತು. ಅವರಿಗೆ ಎಲ್ಲವನ್ನೂ ಹೇಳಿದೆ. ನೀವಾದರೂ ಮಂಡಳಿಯವರಿಗೆ ತಿಳಿಸಿ ಎಂದೆ. ಪೂರ್ತಿ ಕೇಳಿಸಿಕೊಂಡು, “ಹೆಂಗಸರ ಮಂಡಳಿ ವಿಷಯ ಮೇಡಂ. ನಾನು ಬಾಯಿ ಹಾಕಿದ್ರೆ ನಾಳೆ ನನ್ನನ್ನೂ ಮೌನಕ್ಕೆ ಹಾಕ್ತಾರೆ. ಆಮೇಲೆ ಪುಸ್ತಕದ ಬಾಕಿ ಯಾರನ್ನ ಕೇಳಲಿ?” ಎಂದರು. ಅವರನ್ನು ದೂರುವುದಿಲ್ಲ. ಪುಟ್ಟತಾಯಮ್ಮನನ್ನು ಬಿಟ್ಟರೆ, ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಒಬ್ಬರು ನನ್ನ ಮಾತು ಕೇಳಿಸಿಕೊಂಡು ಉತ್ತರ ಕೊಟ್ಟಿದ್ದರು.

ಹೊರಗೆ ತಗಡು ಕಳಚುವ ಸದ್ದು ಶುರುವಾಗಿತ್ತು. ಪುಟ್ಟತಾಯಮ್ಮ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು.

“ಅವರಿಗೆ ನನ್ನ ಮಾತು ಕೇಳಿಸ್ತಿರಲಿಲ್ಲಮ್ಮ” ಎಂದೆ. “ಯಾರಿಗೂ ಕೇಳಿಸ್ತಿರಲಿಲ್ಲ.”

ಅವಳು ಕೆಲಸ ನಿಲ್ಲಿಸದೆ ಹೇಳಿದಳು: “ನಂಗ್ ಕೇಳುಸ್ತು ಬುಡಿ. ನನ್ ತಪ್ಪಿಲ್ಲ ಅಂತ ಒಬ್ರಾದ್ರೂ ನಿಂತ್ಕಂಡ್ ಹೇಳುದ್ರಲ್ಲ. ಅಷ್ಟ್ ಜನದ್ ಮುಂದೆ. ನಿಮ್ ಸ್ವಂತ ತಂಗಿ ಅಂತಾನೂ ನೋಡ್ನಿಲ್ಲ.”

“ಎಲ್ಲಿಗೆ ಹೋಗ್ತೀಯಾ?”

“ಮೊಮ್ಮಗಳಿಗೆ ಆಸ್ಪತ್ರೇಲಿ ಆಯಾ ಕೆಲ್ಸ ಕೊಡ್ತಾರಂತೆ. ಓದಿದ್ ಸಾಕು ಅಜ್ಜಿ ಅಂದ್ಳು. ಅವ್ಳೇ ಅಂದ್ಳು, ನಾ ಹೇಳ್ನಿಲ್ಲ.” ಆಮೇಲೆ ಚೀಲದೊಳಗೆ ಕೈಹಾಕಿ ಹುಡುಕಿ, ಆ ಬಟ್ಟೆಯ ಚೂರನ್ನು ತೆಗೆದು ನನ್ನ ಕೈಯಲ್ಲಿಟ್ಟಳು. “ಮನೇಲೂ ಸುತ್ಕೊಳಿ. ಬೆಳ್ಳು ಸುಟ್ಕೋಬ್ಯಾಡಿ.”

ಮನೆಗೆ ಬಂದಾಗ ಸರಸಿ ಒಲೆಯ ಮುಂದಿದ್ದಳು. ಅವಳ ಫೋನ್ ಫ್ರಿಜ್ಜಿನ ಮೇಲಿತ್ತು. ನಮ್ಮ ಊರಿನಲ್ಲಿ ಯಾರೂ ಯಾರ ಫೋನನ್ನೂ ಮುಟ್ಟುವುದಿಲ್ಲ. ಅದು ಇನ್ನೊಬ್ಬರ ಕಿವಿಯನ್ನು ಹಿಡಿದಂತೆ. ನಾನು ಮುಟ್ಟಿದೆ. ನನ್ನ ಹೆಸರನ್ನು ಅವಳು ‘ಅಕ್ಕ’ ಎಂದು ಇಟ್ಟುಕೊಂಡಿದ್ದಳು, ಪಕ್ಕದಲ್ಲೊಂದು ಹೂವು. ಮೌನವನ್ನು ತೆಗೆದೆ.

“ಸರಸೀ” ಎಂದೆ.

ಅವಳ ಬೆನ್ನು ಸೆಟೆಯಿತು. ಎಷ್ಟೋ ತಿಂಗಳುಗಳ ಮೇಲೆ ನನ್ನ ದನಿ ಅವಳಿಗೆ ಹಿಂದಿನಿಂದ ಕೇಳಿಸಿದ್ದು. ತಿರುಗದೆಯೇ ಒಲೆ ಸಣ್ಣ ಮಾಡಿದಳು.

“ನಿನಗೂ ನನ್ನ ಮಾತು ಕೇಳಿಸ್ತಿರಲಿಲ್ಲ ಅಂತ ಈಗ ಗೊತ್ತಾಯ್ತು. ನನಗೆ ಬೇಜಾರಿಲ್ಲ. ಪಾಯಸ ಒಯ್ಯಬೇಡ ಅಂದದ್ದೂ ಕೇಳಿಸಿರಲಿಕ್ಕಿಲ್ಲ. ಸಭೆಯಲ್ಲಿ ಹೇಳು ಅಂದದ್ದೂ ಕೇಳಿಸಿರಲಿಕ್ಕಿಲ್ಲ. ಈಗ ಹೇಳ್ತೀನಿ, ಕೇಳು. ಇನ್ನೂ ತಗಡು ಪೂರ್ತಿ ಬಿಚ್ಚಿಲ್ಲ. ನೀನೊಬ್ಬಳು ಹೋಗಿ…”

“ಗೊತ್ತಿತ್ತಕ್ಕ” ಎಂದಳು.

“ಏನು?”

“ಎಲ್ಲ ಗೊತ್ತಿತ್ತು. ಚಿಕ್ಕಂದಿನಿಂದ ನಿನ್ನ ಮಾತು ಕೇಳ್ಕೊಂಡೇ ಬೆಳೆದೋಳು ನಾನು. ನೀನು ಬಾಯಿ ತೆರೆದ್ರೆ ಸಾಕು, ಏನಂತೀಯ ಅಂತ ತುಟಿ ನೋಡಿದ್ರೇ ಗೊತ್ತಾಗುತ್ತೆ. ನಿನ್ನ ಒಂದು ಮಾತೂ ತಪ್ಪಿಲ್ಲ ನನಗೆ.”

“ಹಾಗಾದ್ರೆ ಪಾಯಸ?”

“ವಾಸನೆ ಬಂದಿತ್ತಲ್ಲ. ಏಲಕ್ಕಿ ಜಾಸ್ತಿ ಹಾಕಿದೆ.” ಈಗ ತಿರುಗಿದಳು. ಅಳುತ್ತಿರಲಿಲ್ಲ. “ನಿನಗೆ ಕಾಲೇಜಿತ್ತು, ಪಾಠ ಇತ್ತು, ಮೇಡಂ ಅನ್ನಿಸ್ಕೊಂಡೆ. ನನಗೆ ಏನಿತ್ತು? ಸರಸಿಜಮ್ಮನ ಪಾಯಸ ಅಂತ ಅದೊಂದು ಮಾತು ಬಿಟ್ರೆ ಈ ಊರಲ್ಲಿ ನಾನ್ಯಾರು? ಅದು ಹೋದ್ರೆ ನನ್ನ ಕೈಯಿಂದ ಒಂದು ಲೋಟ ನೀರನ್ನೂ ಯಾರೂ ಮುಟ್ಟಲ್ಲ. ಅವಳಾದ್ರೆ ಎಲ್ಲಿ ಹೋದ್ರೂ ಟೀ ಕಾಯಿಸ್ಕೊಂಡು ಬದುಕ್ತಾಳೆ.”

“ಮೊಮ್ಮಗಳು ಓದು ಬಿಟ್ಟಳಂತೆ.”

ಸರಸಿ ಒಲೆಯ ಬಳಿಯಿಂದ ಈಚೆ ಬಂದಳು. ಸೆರಗಿಗೆ ಕೈ ಒರೆಸಿಕೊಂಡು ನನ್ನ ಕೈಯಿಂದ ತನ್ನ ಫೋನನ್ನು ಮೆಲ್ಲನೆ ಬಿಡಿಸಿಕೊಂಡಳು. ಒತ್ತಿ ಹಿಡಿದಳು. ಪಟ್ಟಿ ಬಂತು. ಮುಟ್ಟಿದಳು. ಎಲ್ಲವೂ ನನ್ನ ಕಣ್ಣೆದುರಿಗೇ, ನಾನು ಕಲಿಸಿದ ಕ್ರಮದಲ್ಲೇ.

“ಬೇಜಾರು ಮಾಡ್ಕೋಬೇಡಕ್ಕ” ಎಂದಳು. “ತುಟಿ ನೋಡೋದಾದ್ರೆ ಕಣ್ಣು ಬೇರೆ ಕಡೆ ತಿರುಗಿಸಬಹುದು. ಕೇಳಿಸಿದ್ರೆ ಎಲ್ಲಿಗೆ ಹೋಗ್ಲಿ?”

ಆಮೇಲೆ ಕಾಫಿ ಬೆರೆಸಿದಳು. ನನ್ನ ನಾಲಿಗೆ ಸುಡದಿರಲೆಂದು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಆರಿಸಿದಳು. ನನ್ನ ಕೈಯಲ್ಲಿದ್ದ ಬಟ್ಟೆಯ ಚೂರನ್ನು ನೋಡಿ, ಅದು ಯಾರದೆಂದು ಕೇಳದೆ, ತೆಗೆದುಕೊಂಡು ಲೋಟಕ್ಕೆ ಸುತ್ತಿ ಕೊಟ್ಟಳು. ಸಕ್ಕರೆ ಹದವಾಗಿತ್ತು.

ಗುರುವಾರದ ತರಗತಿಯನ್ನು ನಾನು ಬಿಟ್ಟಿಲ್ಲ. ಕೋಣೆ ಈಗಲೂ ತುಂಬುತ್ತದೆ. ಬಂದವರು ಸ್ವೆಟರ್ ಹೆಣೆಯುತ್ತಾರೆ, ಅವರೆಕಾಳು ಬಿಡಿಸುತ್ತಾರೆ, ಒಬ್ಬರಿಗೊಬ್ಬರು ಪಿಸುಗುಟ್ಟಿಕೊಳ್ಳುತ್ತಾರೆ. ಹಿರಿಯರೊಬ್ಬರಿಗೆ ಹೊತ್ತು ಹೋಗಲೆಂದು ಬರುತ್ತಾರೆ, ಅದು ಅವರ ಒಳ್ಳೆಯತನ. ಕಿಟಕಿಯಿಂದ ನೋಡಿದರೆ ಮೆಟ್ಟಿಲ ಪಕ್ಕದಲ್ಲಿ ತಗಡಿನ ಕಂಬ ಹೂತಿದ್ದ ಗುಳಿಗಳು ಕಾಣುತ್ತವೆ. ನಾನು ಈಗ ಕಟ್ಟೆಯ ಬಗ್ಗೆ ಏನನ್ನೂ ಕಲಿಸುವುದಿಲ್ಲ. ಹಲಗೆಯ ಮುಂದೆ ನಿಂತು, ಸೀಮೆಸುಣ್ಣ ಹಿಡಿದುಕೊಂಡು, ಪ್ರತಿ ಗುರುವಾರ ಒಂದೇ ಪಾಠ ಮಾಡುತ್ತೇನೆ. ಪಾಯಸ ಹಳಸಿತ್ತು. ಮಾಡಿದವಳು ನನ್ನ ತಂಗಿ. ಪುಟ್ಟತಾಯಮ್ಮ ಎಂಬುವಳು ಇಲ್ಲಿ ಟೀ ಮಾರುತ್ತಿದ್ದಳು, ಅವಳ ಚಟ್ನಿಯಲ್ಲಿ ಏನೂ ಇರಲಿಲ್ಲ. ಬಾಯಿ ಬಿಡಿಸಿ, ಸ್ಪಷ್ಟವಾಗಿ, ತರಗತಿಯಲ್ಲಿ ಹೇಳುವ ಹಾಗೆ ಹೇಳುತ್ತೇನೆ.

ಎಲ್ಲರೂ ತಲೆಯಾಡಿಸುತ್ತಾರೆ. ಮುಂದಿನ ಬೆಂಚಿನಲ್ಲಿ ಒಬ್ಬಳು ಮಾತ್ರ ಆಡಿಸುವುದಿಲ್ಲ. ತಲೆ ತಗ್ಗಿಸಿ ಕೂತಿರುತ್ತಾಳೆ. ತರಗತಿ ಮುಗಿದ ಮೇಲೆ ಅವಳೇ ಎದ್ದು ಬಂದು ನನ್ನ ಕೈಯ ಸುಣ್ಣವನ್ನು ತನ್ನ ಸೆರಗಿನಿಂದ ಒರೆಸುತ್ತಾಳೆ. ಇಬ್ಬರೂ ಮನೆಗೆ ನಡೆಯುತ್ತೇವೆ. ಮೋರಿಯ ಹತ್ತಿರ ಬಂದಾಗ ಅವಳು ನನ್ನ ತೋಳು ಹಿಡಿದುಕೊಳ್ಳುತ್ತಾಳೆ, ಮುಖವನ್ನು ಮಾತ್ರ ಆಚೆ ತಿರುಗಿಸಿಕೊಂಡು.